ಇನ್ನೆರಡು ಚಿಟ್ಟೆ

ಮಂಗಳವಾರ, ಮಧ್ಯಾಹ್ನ
ಸ್ಟುಡಿಯೋದಿಂದ

ಪ್ರೀತಿಯ ಅಕ್ಕನಿಗೆ,

ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲೂ ಬಿಡುವುದಿಲ್ಲ. ಅದಕ್ಕೇ ಗಿರಾಕಿಗಳಿಲ್ಲದ ಹೊತ್ತು ನೋಡಿ ಕಾಗದ ಬರೆಯುತ್ತಿದ್ದೇನೆ. ಪೂರ್ತಿ ಓದು, ಆಮೇಲೆ ಬೈ.

ನಿನ್ನ ಮಗಳ ಫೋಟೋ ಗಂಡಿನ ಮನೆಗೆ ಹೋಗಬೇಕು, ಸ್ವಲ್ಪ ಚಂದ ಮಾಡಿ ನೀನೇ ಕಳಿಸಿಬಿಡು ಅಂದೆ. ನಾನು ಸರಿ ಅಂದೆ. ಹಿಂದಿನ ಗೋಡೆ ತೆಗೆದು ಸೂರ್ಯಾಸ್ತ ಹಾಕು ಅಂದೆ ನೀನು, ಹಾಕಿದೆ. ಹೂವಿನ ಎಸಳು ಉದುರಿಸು, ಮುಖದ ಸುತ್ತ ಬೆಳಕು ತಾ, ಕೂದಲಿಗೆ ಮಿನುಗು ಚೆಲ್ಲು... ಅದೂ ಆಯಿತು. ನಿನ್ನೆ ಏಳನೆಯ ಸಲ ಫೋನ್ ಮಾಡಿ, ಎಡಗಡೆ ಖಾಲಿ ಕಾಣ್ತಿದೆ ಕಣೇ, ಇನ್ನೆರಡು ಚಿಟ್ಟೆ ಹಾಕು ಅಂದೆಯಲ್ಲ, ಕಂಪ್ಯೂಟರನ್ನೇ ಎತ್ತಿ ಕಿಟಕಿಯಿಂದಾಚೆ ಎಸೆಯುವಷ್ಟು ಸಿಟ್ಟು ಬಂತು. ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿ ಹೊಟ್ಟೆ ಹೊರೆಯುತ್ತಿರುವವಳು ನಾನು. ಮೂಗಿಗಿಂತ ಮೂಗುತಿ ಭಾರ ಆಗಬಾರದು ಅನ್ನುವಷ್ಟೂ ನನಗೆ ಗೊತ್ತಿಲ್ಲವೇ? ಆದರೂ ಬಾಯಿ ಮುಚ್ಚಿಕೊಂಡು, ಸೈಕಲ್ ಕಲಿಯುವಾಗ ಬಿದ್ದು ಅವಳ ಗದ್ದದ ಮೇಲಾಗಿದ್ದ ಗಾಯದ ಗುರುತನ್ನು ಅಳಿಸಿದೆ. ಬಣ್ಣ ತಿಳಿ ಮಾಡಿದೆ. ಮೂಗನ್ನೂ ಒಂದೆಳೆ ಸಣ್ಣ ಮಾಡಿದೆ.

ನಿನ್ನೆ ಸಂಜೆ ಅವಳೇ ಬಂದಳು. ಚಿತ್ರ ಪರದೆಯ ಮೇಲೆ ತೆರೆದೇ ಇತ್ತು. ನನ್ನ ಹೆಗಲ ಹಿಂದೆ ನಿಂತು ನೋಡಿ, ಚೆನ್ನಾಗಿದ್ದಾಳೆ ಚಿಕ್ಕಮ್ಮ, ಯಾರ ಮಗಳು ಅಂತ ಕೇಳಿದಳು. ತಮಾಷೆ ಅಂದುಕೊಂಡು ನಕ್ಕೆ. ತಿರುಗಿದರೆ ಅವಳು ನಗುತ್ತಿರಲಿಲ್ಲ. ಗಂಡಿನವರು ಮನೆಗೆ ಬಂದಾಗ ಇವಳನ್ನೇ ಹುಡುಕ್ತಾರಲ್ಲ, ಆಗ ನಾನೆಲ್ಲಿ ಕೂತ್ಕೊಳ್ಲಿ ಅಂದಳು. ಅಕ್ಕ, ನನಗೆ ನಾಚಿಕೆಯಾಯಿತು. ಎತ್ತಿ ಆಡಿಸಿದ ಮಗುವಿನ ಮುಖವನ್ನು ನನ್ನ ಕೈಯಾರೆ ಒರೆಸಿಹಾಕಿದ್ದೆ.

ಆದ್ದರಿಂದ ಕೇಳು. ನಿನ್ನ ಚಿಟ್ಟೆಯ ಫೋಟೋ ಹೋಗಿಲ್ಲ. ಗಾಯದ ಗುರುತು, ಹಿಂದಿನ ಹಳೇ ಗೋಡೆ ಎಲ್ಲ ಸಮೇತ, ತೆಗೆದದ್ದು ತೆಗೆದ ಹಾಗೇ ಇರುವ ಫೋಟೋವನ್ನು ನಿನ್ನೆಯೇ ಗಂಡಿನ ಮನೆಗೆ ಕಳಿಸಿದೆ. ಅವಳು ಕಳಿಸು ಅಂದಳು, ಕಳಿಸಿದ್ದು ನಾನು. ಬೈಯುವುದಿದ್ದರೆ ನನ್ನನ್ನು ಬೈ, ಅವಳ ಮುಂದೆ ಮುಖ ಊದಿಸಿಕೊಂಡು ಕೂರಬೇಡ. ನಿನ್ನ ಮಗಳು ಚಂದ ಇದ್ದಾಳೆ, ಅಕ್ಕ. ಏಳು ಸಲ ನನಗೆ ಫೋನ್ ಮಾಡಿದವಳು ಒಂದು ಸಲ ಅವಳಿಗೆ ಅದನ್ನು ಹೇಳಬಾರದೇ?

ಸಾಕಾಗಿ ಹೋದ
ನಿನ್ನ ತಂಗಿ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಗಂಡಿನ ಫೋಟೋ ನೋಡಿ ತಲೆ ತುಂಬ ಕೂದಲು ಅಂತ ಮೆಚ್ಚಿಕೊಂಡೆಯಲ್ಲ, ಆ ಕೂದಲು ನನ್ನ ಕೈಕೆಲಸ. ಹೋದ ತಿಂಗಳು ಅವನ ತಾಯಿ ಇಲ್ಲೇ ಮಾಡಿಸಿಕೊಂಡು ಹೋಗಿದ್ದರು. ಗಿರಾಕಿಯ ಗುಟ್ಟು ಅಂತ ಸುಮ್ಮನಿದ್ದೆ. ಇವತ್ತು ಬೆಳಿಗ್ಗೆ ನಿನ್ನ ಮಗಳ ಫೋಟೋ ನೋಡಿ ಅವನೇ ಫೋನ್ ಮಾಡಿ, ನನ್ನದೂ ಇದ್ದ ಹಾಗೇ ಅವರಿಗೆ ತೋರಿಸಿಬಿಡಿ ಅಂದ. ತೋರಿಸಿದೆ. ಅವಳು ಬಹಳ ಹೊತ್ತು ನಕ್ಕಳು. ಆಮೇಲೆ, ಭಾನುವಾರ ಬರಲಿ ಅಂದಳು.