ಹನ್ನೊಂದು ನಿಮಿಷದ ಪೇಪರ್

9-7-1982, ಶುಕ್ರವಾರ, ಸಂಜೆ
ಎಂಟನೇ ವರ್ಗದ ಗಣಿತ ಟೆಸ್ಟ್ ಪೇಪರ್ ಸಿದ್ಧ. ಪದ್ಧತಿಯಂತೆ ವಿಜ್ಞಾನದ ಮಂದಾಕಿನಿಬಾಯಿಯವರು ಸ್ಟಾಫ್ ರೂಮಿನಲ್ಲಿ ಕೂತು ಬಿಡಿಸಿದರು. ಎದುರಿಗೆ ನಾನು, ಕೈಯಲ್ಲಿ ಗಡಿಯಾರ. ಅವರಿಗೆ ಹನ್ನೊಂದು ನಿಮಿಷ. ಮಕ್ಕಳಿಗೆ ಅದರ ನಾಲ್ಕು ಪಟ್ಟು — ಒಂದು ಪೀರಿಯಡ್ ಸರಿಹೋಯಿತು. ಮುಗಿಸಿದವರೇ ಮನೆಗೆ ಹೋಗುವ ಲಿಂಗಂಪಲ್ಲಿ ರೈಲುಗಾಡಿಗೆ ಹೊರಟರು.
ಹನ್ನೊಂದೇ ನಿಮಿಷ! ನಾನು ನಾಟಕ ಕಂಪನಿಯ ಡೇರೆಯಲ್ಲಿ ಬೆಳೆದವನು. ಕಟ್ಟಕಡೆಯ ಸಾಲಿಗೂ ಮುಟ್ಟುವ ಕಂಠ. ಅವರೆದುರು ಮಾತ್ರ "ಶುರು ಮಾಡ್ರಿ", "ಆತೇನ್ರಿ" — ಅಷ್ಟೇ.

16-7, ಶುಕ್ರವಾರ
ಹೊಸ ಪೇಪರಿಗೆ ಎರಡು ಲೆಕ್ಕ ಹೆಚ್ಚಿಗೆ ಸೇರಿಸಿದೆ. ನೀರಿನ ತೊಟ್ಟಿಯದೊಂದು, ರೈಲಿನದೊಂದು. ಹದಿನೇಳು ನಿಮಿಷ ಕೂತರು. ಅವರ ಬಲಗಿವಿಯ ಹಿಂದೆ, ಕೂದಲು ಸರಿಸಿದ ಬೆರಳಿನಿಂದ ಅಂಟಿದ ಶಾಯಿ... ಆ ತೊಟ್ಟಿ ತುಂಬದೇ ಇರಲಿ ಎಂದುಕೊಂಡೆ.
ನಾಲ್ಕು ಪಟ್ಟಾದರೆ ಪೀರಿಯಡ್ ಮೀರುತ್ತದೆ; ಎರಡನ್ನೂ ಹೊಡೆದು ಹಾಕಬೇಕಿತ್ತು. ಹಾಕಿದರೆ, ಸೇರಿಸಿದ್ದೇಕೆ ಎಂದು ಕೇಳುತ್ತಾರಲ್ಲ!

19-7, ಸೋಮವಾರ
ಮೂವತ್ತೆರಡು ಮಕ್ಕಳು, ಮುಗಿಸಿದವರು ನಾಲ್ವರು. ಜಾಣೆ ಸುಭದ್ರೆ ಬರುವ ಲೆಕ್ಕವನ್ನೂ ಅರ್ಧಕ್ಕೆ ಬಿಟ್ಟು, ಪೇಪರ್ ಕೊಡುವಾಗ ಮುಖ ತಗ್ಗಿಸಿದಳು. ಹೆಡ್ ಮಾಸ್ತರ ಅಮರೇಶಪ್ಪನವರು ಕರೆದು ಕೇಳಿದರು. ಮಕ್ಕಳ ಕೈ ಓಡುವುದಿಲ್ಲ ಎಂದು ಗುಡುಗಿದೆ. ಗೋಡೆಯಾಚೆಗೂ ಕೇಳಿರಬೇಕು. ಆಚೆ ಕೂತವರಿಗೆ ಕೇಳಿಯೂ ಇತ್ತು.
ಸಂಜೆ ಮಂದಾಕಿನಿಬಾಯಿಯವರು ಚೀಲ ತೆಗೆದುಕೊಳ್ಳುತ್ತ ಅಂದರು: "ಹದಿನೇಳು ನಿಮಿಷ ಆಗಿದ್ದು ನೀವ ನೋಡೀರಿ ಸರ್ರ. ನನ್ನ ಕೂಡಿಸ್ಕೋಬೇಕಿತ್ತಂದ್ರ ಕೂಡ್ರಿ ಅನ್ನಬೇಕಿತ್ತು. ಹುಡುಗರ ಹೊತ್ತು ಯಾಕ ಕಸಗೊಂಡ್ರಿ?"
ಅವರಿಗೆ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು.

11-8, ಬುಧವಾರ
ಮೂರು ವಾರವಾಯಿತು, ಎದುರಿನ ಕುರ್ಚಿಗೆ ಬರುತ್ತಿಲ್ಲ. ಮುಂದಿನ ಪೇಪರನ್ನು ನಾನೇ ಬಿಡಿಸಿ ನೋಡಿದೆ. ಐದು ನಿಮಿಷ. ನಾನೇ ಹೆಣೆದ ಲೆಕ್ಕ, ನನಗೆ ಹೊತ್ತು ಹಿಡಿದೀತೇ? ಮಕ್ಕಳಿಗೆಷ್ಟು ಬೇಕೆಂದು ಇದರಿಂದ ತಿಳಿಯುವುದಿಲ್ಲ.
ನಾರಾಯಣಗೂಡದ ಪೇಟೆಯ ತನಕ ನಡೆದು ಹೋಗಿ, ಬರಿಗೈಲಿ ಬಂದೆ. ಏನು ತರಲು ಹೋಗಿದ್ದೆನೋ.

12-8, ಗುರುವಾರ
ಹೆಡ್ ಮಾಸ್ತರರ ಮುಂದೆ ಒಪ್ಪಿಕೊಂಡೆ: ಪೇಪರ್ ಉದ್ದವಾಗಿತ್ತು, ತಪ್ಪು ನನ್ನದು. ಮೆಲ್ಲಗೇ ಹೇಳಿದೆ. ವರ್ಗದಲ್ಲೂ ಹೇಳಿದೆ. ಹಳೆಯ ಅಂಕ ರದ್ದು, ಮತ್ತೆ ಟೆಸ್ಟ್. ಸುಭದ್ರೆ ತಲೆ ಎತ್ತಿ ನೋಡಿದಳು.

18-8, ಬುಧವಾರ
ಹೊಸ ಪೇಪರನ್ನು ಅವರ ಮೇಜಿನ ಮೇಲೆ ಇಟ್ಟು ಬಂದಿದ್ದೆ. ಶಾಲೆ ಬಿಟ್ಟ ಮೇಲೆ ತಾವಾಗಿ ಬಂದು ಕೂತರು. ಹತ್ತೂವರೆ ನಿಮಿಷ. "ಪೇಪರ್ ಸರಿ ಐತಿ" ಅಂದು ಎದ್ದರು.
ಮೊದಲ ಸಾಲಿಗೂ ಕೇಳದ ದನಿಯಲ್ಲಿ ಅಂದೆ, "ಬಾಯಾರ... ಇನ್ನೊಂದು ಸ್ವಲ್ಪ ಕೂಡ್ರಿ."
ಬಾಗಿಲ ಕಡೆ ನೋಡಿದರು. ಚೀಲ ಕೆಳಗಿಟ್ಟರು.
"ಮುಂದಿನ ಗಾಡಿ ಏಳಕ್ಕ ಐತ್ರಿ."
ಏಳಕ್ಕೆ. ಆಗ ಐದಾಗಿ ಹತ್ತು ನಿಮಿಷ. ಅಂದರೆ —