ಅಣ್ಣನ ಅಳತೆಯ ಕೋಲುಗಳು

ಅಪ್ಪನ ಅಂಗಡಿ, ಹಿಂದಿನ ಕೋಣೆ
ಮಾರ್ಚ್ ೧೪, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಅಪ್ಪನೂ ಚೆನ್ನಾಗಿದ್ದಾರೆ, ನೀನು ಬಿಟ್ಟುಹೋದ ಗಾಲ್ಫ್ ಕೋಲುಗಳನ್ನು ದಿನಾ ಎಣ್ಣೆಬಟ್ಟೆಯಲ್ಲಿ ಒರೆಸುವಷ್ಟು ಚೆನ್ನಾಗಿದ್ದಾರೆ. ನೀನೀಗ ಆಡುವ ಊರಿನ ಕ್ಲಬ್ಬಿನವರು ನಿನಗೆ ಹೊಸ ಸೆಟ್ಟೇ ಕೊಟ್ಟಿದ್ದಾರಲ್ಲ ಎಂದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. "ಅವನು ಬಂದ್ರೆ ಏನು ಹಿಡೀತಾನೆ?" ಅನ್ನುತ್ತಾರೆ.

ಬರುವ ಭಾನುವಾರ ಇಲ್ಲಿ ಹೆಂಗಸರ ಗಾಲ್ಫ್ ತಂಡದ ಆಯ್ಕೆ. ನನಗಿರುವುದು ನಿನ್ನ ಈ ಹಳೇ ಸೆಟ್ಟೊಂದೇ. ನೀನೋ ಏಣಿ, ನಾನು ಅಮ್ಮನ ಹಾಗೆ ಕುಳ್ಳಿ. ನಿನ್ನ ಎತ್ತರಕ್ಕೆಂದು ಅಪ್ಪ ಆ ಕೋಲುಗಳು ತಲೆಗೆ ಸೇರುವ ಕತ್ತನ್ನು ಬಗ್ಗಿಸಿ, ಕೋಲು ನೆಟ್ಟಗೆ ನಿಲ್ಲುವಂತೆ ಮಾಡಿದ್ದಾರೆ. ನಾನು ಹಿಡಿದರೆ ಕೋಲಿನ ತಲೆಯ ಮುಂತುದಿ ಮೇಲೇಳುತ್ತದೆ, ಅದರ ಹಿಮ್ಮಡಿ ನೆಲ ಕೆರೆಯುತ್ತದೆ, ಚೆಂಡು ಎಡಕ್ಕೆ ತಿರುಗಿ ಪೊದೆ ಸೇರುತ್ತದೆ. ಇಷ್ಟು ವರ್ಷವೂ ಅಪ್ಪ "ನಿನ್ನ ಕೈನೇ ಸೊಟ್ಟ ಕಣೇ" ಅಂದರು. ನಾನೂ ನಂಬಿದೆ, ಪೆದ್ದಿ! ಮೊನ್ನೆ ಕೋಲಿನ ತಲೆಯ ತಳಕ್ಕೆ ಟೇಪು ಅಂಟಿಸಿ ಹಲಗೆಯ ಮೇಲೆ ಹೊಡೆದು ನೋಡಿದೆ. ಅಳತೆ ಸರಿಯಿದ್ದರೆ ಗೀರು ಟೇಪಿನ ನಡುವೆ ಬೀಳಬೇಕು, ನನ್ನದೆಲ್ಲ ಹಿಮ್ಮಡಿಯಲ್ಲೇ. ಗಿರಾಕಿಗಳಿಗೆ ಇದೇ ಪರೀಕ್ಷೆ ಮಾಡಿ ಕೋಲು ಬಗ್ಗಿಸಿಕೊಡುವ ಮನುಷ್ಯ, ಕನ್ನಡಕ ಏರಿಸಿ ನೋಡಿ, "ನೀನೇ ಸ್ವಲ್ಪ ಕೈ ಎತ್ತಿ ಹಿಡಿ" ಅಂದುಬಿಟ್ಟರು.

ಹೊಟ್ಟೆ ಉರಿಯಿತು ಅಣ್ಣಾ. ದಾರಿಹೋಕನಿಗೂ ಅವನ ಅಳತೆ ಸಿಗುತ್ತದೆ, ಮನೆಮಗಳಿಗಿಲ್ಲ. ಆ ಕತ್ತು ಒಮ್ಮೆ ಬಗ್ಗಿದೆ. ಇನ್ನೊಮ್ಮೆ ಹೇಗೋ ತಡೆದೀತು, ಮತ್ತೆ ನಿನ್ನ ಅಳತೆಗೆ ತಿರುಗಿಸಹೋದರೆ ಮುರಿಯುತ್ತದೆ. ಅದಕ್ಕೇ ಅಪ್ಪ ಮುಟ್ಟಗೊಡುವುದಿಲ್ಲ. ಈ ಕಾಗದ ಮುಟ್ಟಿದ ಕೂಡಲೇ ಅಪ್ಪನಿಗೆ ಫೋನು ಮಾಡಿ, ಅವಳಿಗೆ ಬಗ್ಗಿಸಿಕೊಡಿ ಎಂದು ಹೇಳು. ನಾನು ಹೇಳಿದರೆ ಅದು ಹಠ, ನೀನು ಹೇಳಿದರೆ ಮಾತು.

ಅಮ್ಮ ಆಶೀರ್ವಾದ ಹೇಳಿದ್ದಾಳೆ. ಮಂಡಿ ಜೋಪಾನ.

ನಿನ್ನ ತಂಗಿ,
ಕುಳ್ಳಿ

ಇನ್ನೊಂದು ಮಾತು: ಸಹಿ ಹಾಕಿ ಮೇಲಿನದನ್ನು ಓದಿಕೊಂಡೆ. ನಿನ್ನ ಅಪ್ಪಣೆಗೆ ಕೈಚಾಚಿದ್ದೇನಲ್ಲ ಎಂದು ನಾಚಿಕೆಯಾಯಿತು. ಅಪ್ಪ ಊಟಕ್ಕೆ ಹೋದಾಗ ಕೋಲುಗಳನ್ನೆಲ್ಲ ಒಂದೊಂದಾಗಿ ಅವರ ಮೇಜಿನ ವೈಸ್ ಇಕ್ಕಳಕ್ಕೆ ಬಿಗಿದು ನನ್ನ ಅಳತೆಗೆ ಬಗ್ಗಿಸಿದೆ. ಒಂದೂ ಮುರಿಯಲಿಲ್ಲ. ಗೀರು ಟೇಪಿನ ನಟ್ಟನಡುವೆ ಬಿತ್ತು, ಚೆಂಡು ನೇರ ಹೋಯಿತು. ಅಪ್ಪ ಬಂದು ನೋಡಿ, "ಅಯ್ಯೋ, ಅವನದು ಹೋಯ್ತಲ್ಲೇ!" ಅಂದರು. ಚೆಂಡು ಎತ್ತ ಹೋಯಿತೆಂದು ಕೇಳಲಿಲ್ಲ. ನೀನು ಫೋನು ಮಾಡಬೇಡ. ಬರುವುದಾದರೆ ನಿನ್ನ ಕೋಲು ನೀನೇ ತಾ.