ಸೊನ್ನೆಗೆ ಹಾಕಿದ ನೀರು

೧೨-೧-೧೯೭೬, ಸೋಮವಾರ

ಅಗರ. ಏಳು ಗದ್ದೆಯ ಕಬ್ಬು ನೋಡಿದ್ದಾಯಿತು. ಬಾಟಲಿಯ ಡಿಸ್ಟಿಲ್ಡ್ ವಾಟರ್ ಮುಗಿದಿತ್ತು. ಕಣ್ಣಿಗೆ ಹಿಡಿದು ರಸದ ಸಿಹಿ ಅಳೆಯುವ ಬ್ರಿಕ್ಸ್ ಮೀಟರನ್ನು ಸೊನ್ನೆಗೆ ತರಲು ಮೊದಲ ಮನೆಯ ಚೆಲುವಮ್ಮನವರಲ್ಲಿ ನೀರು ಕೇಳಿದೆ. ಚೊಂಬು ತಂದಿಟ್ಟರು. ಕುಡಿಯಲಿಲ್ಲ — ಡ್ಯೂಟಿಯಲ್ಲಿ ರೈತರ ಮನೆಯದು ಏನನ್ನೂ ಬಾಯಿಗೆ ಹಾಕುವುದಿಲ್ಲ. ಗಾಜಿಗೆ ಒಂದು ಹನಿ ಹಾಕಿ ಸ್ಕ್ರೂ ತಿರುಗಿಸಿದೆ. ಆಮೇಲೆ ಅವರ ಕಬ್ಬಿನ ರಸ. ಹದಿನಾಲ್ಕು. ಹದಿನೆಂಟು ಬಂದರೆ ಮಾತ್ರ ಕಾರ್ಖಾನೆಯಿಂದ ಕಟಾವಿಗೆ ಚೀಟಿ.

"ದುರ್ಬೀನು ಸರ್ಯಾಗ್ ಇಡ್ಕಳಿ ಸಾ. ಕಬ್ಬು ಸೂಲಂಗಿ ಹೂ ಬುಟ್ಟು ನಿಂತದೆ, ನಿಮ್ಗೊಬ್ರಿಗೇ ಎಳೇದಾ? ಇನ್ನೊಂದ್ ತಿಂಗ್ಳು ಬುಟ್ರೆ ಬೆಂಡಾಯ್ತದೆ."

ಚೆಲುವಮ್ಮನವರ ಹೆಸರಿನ ಮುಂದೆ ಮುಂದಿನ ತಿಂಗಳು ಎಂದು ಬರೆದೆ. ಉಳಿದ ಆರು ಗದ್ದೆಯೂ ಹಾಗೇ.

೧೬-೧, ಶುಕ್ರವಾರ

ಅಗರದಿಂದ ತಂದ ಚೆಲುವಮ್ಮನವರ ಕಬ್ಬನ್ನು ಲ್ಯಾಬಿನ ಶಿವನಂಜಯ್ಯ ತಮ್ಮ ಮೀಟರಿನಲ್ಲಿ ನೋಡಿದರು. "ಹತ್ತೊಂಬತ್ತು ಕಣಯ್ಯ! ಹದಿನಾಕು ಅಂತ ಬರ್ದಿದ್ದೀಯಲ್ಲ, ಕಣ್ಣು ಎಲ್ ಅಡ ಇಟ್ಟಿದ್ದೆ?"

ನಾನೂ ನಕ್ಕೆ. ಸೋಮವಾರ ಕೇನ್ ಆಫೀಸರ್ ವಿವರಣೆ ಕೇಳುತ್ತಾರಂತೆ.

೧೭-೧

ಅವ್ವನಿಗೂ ಬಲಗಣ್ಣಿನಲ್ಲೇ ಮೊದಲು ಮಂಜಾಗಿದ್ದು. ನಲವತ್ತಕ್ಕೆ. ಎರಡು ವರ್ಷದಲ್ಲಿ ಎರಡೂ ಹೋದವು. ನನಗೆ ಮೂವತ್ತೊಂಬತ್ತು.

ರಷ್ಯನ್ನಿನಿಂದ ಕನ್ನಡಕ್ಕೆ ಬಂದ ಕಾದಂಬರಿ ಹದಿನೈದು ದಿನದಿಂದ ಅದೇ ಪುಟದಲ್ಲಿದೆ. ಅನುವಾದ ಒರಟು ಎಂದುಕೊಂಡಿದ್ದೆ...

ಕಣ್ಣಿಲ್ಲದವನಿಗೆ ಈ ಕೆಲಸ ಯಾರು ಕೊಡುತ್ತಾರೆ?

೧೮-೧, ಭಾನುವಾರ, ಬೆಳಿಗ್ಗೆ ಹತ್ತು

ಮತ್ತೆ ಅಗರ. ಇನ್ನೊಮ್ಮೆ ಅಳೆದು ನೋಡಲು ಬೇರೆ ಕಬ್ಬು ಕೇಳಲು ಹೋದೆ. ಚೆಲುವಮ್ಮ ಮತ್ತೆ ಅದೇ ಚೊಂಬು. ಗಂಟಲು ಒಣಗಿತ್ತು — ಕುಡಿದುಬಿಟ್ಟೆ. ಸಿಹಿ!

"ಅವತ್ತೂ ಬೆಲ್ಲ ಹಾಕಿದ್ರಾ?"

"ಊಂ ಸಾ. ಮನೆಗ್ ಬಂದೋರ್ಗೆ ಬರೀ ನೀರ್ ಕೊಟ್ಟಾರಾ? ನೀವು ಬೆಲ್ಲ ಕೊಟ್ರೆ ಮುಟ್ಟಾಕಿಲ್ಲ, ಅದ್ಕೇ ನೀರ್ಗೇ ಕದಡ್ಬುಟ್ಟೆ."

ಬೆಲ್ಲದ ನೀರಿಗೆ ಸೊನ್ನೆ ಇಟ್ಟಿದ್ದೆ. ಏಳು ಗದ್ದೆಯೂ ಐದೈದು ಕಡಿಮೆ. ಕಣ್ಣಲ್ಲ, ಬೆಲ್ಲ! ಜಗಲಿಯ ಮೇಲೆ ಒಬ್ಬನೇ ನಕ್ಕೆ. ತಪ್ಪು ನನ್ನದು, ಬರೆದುಕೊಡುತ್ತೇನೆ ಎಂದೆ.

"ತಪ್ಪೋ ಗಿಪ್ಪೋ, ನಾಳೀಕೇ ಚೀಟಿ ಕಳ್ಸಿ ಮತ್ತೆ."

ಅದೇ ದಿನ, ಮಧ್ಯಾಹ್ನ ಮೂರು

ಕುಂತೂರು, ರೂಮು. ಡಿಸ್ಟಿಲ್ಡ್ ವಾಟರ್ ಹಾಕಿ, ಕಿಟಕಿಯ ಬೆಳಕಿಗೆ ಹಿಡಿದು ಸೊನ್ನೆ ಸರಿಮಾಡಿದೆ. ಮೇಲೆ ನೀಲಿ, ಕೆಳಗೆ ಬಿಳಿ, ನಡುವೆ ಕೂದಲಿನಂಥ ಗೆರೆ. ಚೆಲುವಮ್ಮನವರ ಕಬ್ಬಿನ ರಸ ಹತ್ತೊಂಬತ್ತು. ಏಳೂ ಗದ್ದೆಗೆ ಹೊಸ ರಿಪೋರ್ಟ್ ಬೇಕೆಂದು ಕೇನ್ ಆಫೀಸರ್ ಸಾಹೇಬರಿಗೆ ಬರೆದೆ. ಸಹಿ ಹಾಕಿದೆ.

ಆಮೇಲೆ ಗಮನಕ್ಕೆ ಬಂತು. ಯಾವಾಗಲೂ ಬಲಗಣ್ಣಿಗೆ ಹಿಡಿಯುವವನು ಇವತ್ತು ಎಡಗಣ್ಣಿಗೆ ಹಿಡಿದಿದ್ದೆ.

ಗಾಜು ತೊಳೆದು ನೀರು ಹಾಕಿದೆ. ಬಲಗಣ್ಣು.

ಗಾಜು ಇನ್ನೊಮ್ಮೆ ಒರೆಸಿದೆ.

ನೀಲಿ ಇದೆ. ಬಿಳಿ ಇದೆ. ನಡುವೆ —